ಸ್ವಿಚ್ ಆರಿಸಬೇಡ ಅಜ್ಜ!

ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮೇಷ್ಟ್ರಾಗಿದ್ದಾಗ ಶಾಲೆಯ ಮಕ್ಕಳಿಗೂ ಮನೆಯಲ್ಲಿ ಮಗಳಿಗೂ "ದೀಪ ಆರಿಸಿ" ಎಂದು ಹೇಳುತ್ತಲೇ ಬಂದವನು. ಆ ಒಳ್ಳೆಯ ಅಭ್ಯಾಸವೇ ಹೋದ ದಸರಾ ರಜೆಯಲ್ಲಿ ನನ್ನ ಮಾನ ಕಳೆಯಿತು.

ನಮ್ಮದು ಸಾಗರದ ಹತ್ತಿರ, ದಪ್ಪ ಮಣ್ಣಿನ ಗೋಡೆಯ ಹಳೇ ಮನೆ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಎರಡು ಮೆಟ್ಟಿಲು. ದೀಪದ ಸ್ವಿಚ್ ಇರುವುದು ಆಚೆ ತುದಿಯಲ್ಲಿ. ಮಳೆಗಾಲದ ಒಂದು ರಾತ್ರಿ ನನ್ನ ಹೆಂಡತಿ ಕತ್ತಲಲ್ಲಿ ಮೆಟ್ಟಿಲು ತಪ್ಪಿ ಬಿದ್ದಳು. ಮಣಿಕಟ್ಟಿನ ಮೂಳೆ ಬಿರುಕುಬಿಟ್ಟು 6 ವಾರ ಪ್ಲಾಸ್ಟರ್. "ನನ್ನನ್ನು ಎಬ್ಬಿಸಬಾರದಿತ್ತೇ?" ಎಂದರೆ, "ನಿಮಗೆ ನಿದ್ದೆ ಹತ್ತುವುದೇ ಕಷ್ಟ" ಎಂದಳು.

ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಚೀಲದಿಂದ ಒಂದು ಬಲ್ಬು ತೆಗೆದಳು. 7ನೇ ತರಗತಿಯ ಹುಡುಗಿ. "ಅಜ್ಜ, ಇದು ಫೋನಿನ ಮಾತು ಕೇಳುತ್ತದೆ. ಅಮ್ಮ ಕಳಿಸಿದ್ದು" ಎಂದಳು.

ನಾನು ಬಲ್ಬು ಹಾಕಿಕೊಟ್ಟೆ. ಚೀಟಿಯಲ್ಲಿದ್ದಂತೆ ಅವಳು ಸ್ವಿಚ್ಚನ್ನು 3 ಸಲ ಹಾಕಿ ಆರಿಸಿದಳು. ಬಲ್ಬು ಮಿಣಮಿಣ ಮಿನುಗಿತು. ಜೋಡಣೆಗೆ ಸಿದ್ಧ ಎಂದು ಅದರ ಅರ್ಥವಂತೆ. ಫೋನಿನಲ್ಲಿ ವೈಫೈ ಪಾಸ್‌ವರ್ಡ್ ಒತ್ತಿದಳು. ಆಗಲಿಲ್ಲ. ಮತ್ತೆ ಒತ್ತಿದಳು. ಆಗಲಿಲ್ಲ.

"ಬಲ್ಬೇ ಕೆಟ್ಟಿದೆ, ವಾಪಸ್ ಕಳಿಸು" ಎಂದೆ. ಅವಳು ಚೀಟಿಯನ್ನು ಪೂರ್ತಿ ಓದಿದಳು. "ಅಜ್ಜ, ನಮ್ಮ ವೈಫೈ ಪೆಟ್ಟಿಗೆ ಎರಡು ಬಗೆಯ ಅಲೆ ಕಳಿಸುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ಈ ಬಲ್ಬಿಗೆ ಎರಡನೆಯದು ಮಾತ್ರ ಗೊತ್ತು. ಫೋನು ಮೊದಲನೆಯದರಲ್ಲಿತ್ತು."

"ಅಂದರೆ ಗೆಜ್ಜೆ, ನಗಾರಿ ಇದ್ದ ಹಾಗೆ. ಗೆಜ್ಜೆಯ ಸದ್ದು ಕೋಣೆಯೊಳಗೆ, ನಗಾರಿಯದು ಊರಾಚೆಗೆ" ಎಂದೆ. "ಹೌದು ಅಜ್ಜ!" ಎಂದು ನಕ್ಕಳು. ಈ ಸಲ ಜೋಡಣೆ ಆಯಿತು. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮಂದವಾಗಿ ಉರಿಯುವಂತೆ ಮಾಡಿದಳು. ನಾನು ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಹೋದಾಗ ಪೆನ್ನು ಕಿತ್ತುಕೊಂಡಳು. "ಬಂದವರೆಲ್ಲ ಓದುತ್ತಾರೆ. ನಿನ್ನ ಡೈರಿಯಲ್ಲಿ ಬರೆದಿಡು."

ಮರುದಿನ ಬೆಳಿಗ್ಗೆ ಹೆಂಡತಿ ಹೇಳಿದಳು: "ರಾತ್ರಿ ದೀಪವೇ ಇರಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿಬಂದೆ."

ಮೊಮ್ಮಗಳು ಓಡಿಹೋಗಿ ನೋಡಿದಳು. ಗೋಡೆಯ ಸ್ವಿಚ್ ಆರಿತ್ತು. ಆರಿಸಿದವನು ನಾನೇ! ಮಲಗುವಾಗ, ಯಾರೂ ಇಲ್ಲದ ಕಡೆ ದೀಪ ಏಕೆಂದು ಕೈ ತಾನಾಗಿ ಹೋಗಿತ್ತು. "ಸ್ವಿಚ್ ಆರಿಸಿದರೆ ಬಲ್ಬಿಗೆ ಕರೆಂಟೇ ಇಲ್ಲ. ಆಮೇಲೆ ಅದು ಫೋನಿನ ಮಾತು ಹೇಗೆ ಕೇಳುತ್ತದೆ ಅಜ್ಜ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಮತ್ತೆ ಬಿದ್ದಿದ್ದರೆ ಎಂದು ನೆನೆದು ಎದೆ ಝಲ್ಲೆಂದಿತು.

ಮೊಮ್ಮಗಳು ಊರಿಗೆ ಹೊರಡುವ ಮುನ್ನ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿದಳು: "ಆರಿಸಬೇಡ ಅಜ್ಜ!" ಕರೆಂಟು ಹೋದರೆ ಬಲ್ಬೂ ಇಲ್ಲ, ವೈಫೈಯೂ ಇಲ್ಲ. ಅದಕ್ಕೆ ಅಜ್ಜಿಯ ದಿಂಬಿನ ಪಕ್ಕ ಒಂದು ಟಾರ್ಚನ್ನೂ ಇಟ್ಟಳು.

ಈಗ ಚೀಟಿಯ ಬಣ್ಣ ಮಾಸಿದೆ. ನನಗೆ ಅಭ್ಯಾಸವೂ ಆಗಿದೆ. ಆದರೂ ಅದನ್ನು ಕಿತ್ತಿಲ್ಲ.