ಅಪ್ಪನ ಹೆಸರು ಕೇಳದ ಪೆಟ್ಟಿಗೆ

ನಾನು ಕೂಡ್ಲಿಗಿ ಸೀಮೆಯ ಕೇರಿಯವನು. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1982ರಲ್ಲಿ. ನನ್ನ ಅವ್ವನಿಗೆ ಮುತ್ತು ಕಟ್ಟಿದ್ದು ಅದಕ್ಕೂ ಮುಂಚೆ. ನನ್ನನ್ನು ಸಾಲಿಗೆ ಸೇರಿಸಲು ಹೋದ ದಿನ ಮೇಷ್ಟ್ರು ಹೆಸರು ಬರೆದುಕೊಂಡರು, ಜಾತಿ ಬರೆದುಕೊಂಡರು, "ತಂದೆ ಹೆಸರು?" ಅಂತ ಪೆನ್ನು ಎತ್ತಿ ಹಿಡಿದರು. ಅವ್ವ ನೆಲ ನೋಡಿದಳು. ಆ ಪೆನ್ನು ಇವತ್ತಿಗೂ ನನ್ನ ಕಣ್ಣ ಮುಂದೆ ಹಾಗೇ ನಿಂತೈತೆ.

ಈಗ ನನ್ನ ಹೊಟ್ಟೆ ತುಂಬುವುದು ಅಂಥ ಖಾಲಿ ಜಾಗಗಳನ್ನು ತುಂಬುವುದರಿಂದಲೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಕಚೇರಿಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಗುತ್ತಿಗೆ ಕೆಲಸ. ಗೆಳೆಯರೇ, ಜಾತಿ ಪ್ರಮಾಣಪತ್ರಕ್ಕೋ ಪಹಣಿಗೋ ಹೋಗಿ "ಸರ್ವರ್ ಇಲ್ಲ, ನಾಳೆ ಬಾ" ಅನ್ನಿಸಿಕೊಂಡು ಕೂಲಿ ಕಳಕೊಂಡವರು ನಿಮ್ಮ ಓಣಿಯಲ್ಲೂ ಇದ್ದಾರು. ಆ ಮಾತಿನ ಹಿಂದೆ ಕೆಲವು ಸಲ ಇರುವುದು ಒಂದೇ ಒಂದು ತಪ್ಪು ಅಂಕಿ.

ಕನ್ಸೋಲ್ ಸರ್ವರ್ ಅಂತ ಒಂದು ಪೆಟ್ಟಿಗೆ ಐತೆ. ರೌಟರು, ಸ್ವಿಚ್ಚುಗಳಲ್ಲಿ ಕನ್ಸೋಲ್ ಎಂಬ ಸಣ್ಣ ಕಿಂಡಿ ಇರುತ್ತದೆ. ನೆಟ್‌ವರ್ಕ್ ಬಿದ್ದಾಗ ಮುಂಬಾಗಿಲಿಂದ ಅವುಗಳ ಒಳಗೆ ಹೋಗಲಾಗದು, ಈ ಕಿಂಡಿಯಿಂದ ಹೋಗಬಹುದು. ಎಲ್ಲ ಕಿಂಡಿಗಳ ತಂತಿಯನ್ನೂ ಆ ಪೆಟ್ಟಿಗೆಗೆ ತಂದು ಸಿಕ್ಕಿಸಿರುತ್ತೇವೆ. ಹಿತ್ತಲ ಬಾಗಿಲು ಅನ್ನಿ. ಗೌಡರ ಮನೆಯ ಹಿತ್ತಲ ಬಾಗಿಲು ನಮ್ಮವರಿಗೆ ಹೊಸದಲ್ಲ. ಅಲ್ಲಿ ಸಿಗುತ್ತಿದ್ದುದು ತಂಗಳು. ಇಲ್ಲಿ ಸಿಗುವುದು ಬೀಗದ ಕೈ.

ಮೊದಲು ಆ ಪೆಟ್ಟಿಗೆಗೇ ಒಂದು ವಿಳಾಸ ಬೇಕು. ಲ್ಯಾಪ್‌ಟಾಪಿನಿಂದ ಸೀರಿಯಲ್ ಕೇಬಲ್ ಹಾಕಿ, ವೇಗ ಸಾಮಾನ್ಯವಾಗಿ 9600 ಇಟ್ಟು ಒಳಹೊಕ್ಕರೆ ಅದು ಕೇಳುವುದು ನಾಕೇ ಸಾಲು. ಒಂದು, ಐಪಿ ನಂಬರು: 192.168.10.5 ಅನ್ನಿ. ಒಂದೇ ನಂಬರು ಇಬ್ಬರಿಗೆ ಕೊಟ್ಟರೆ ಇಬ್ಬರ ಮಾತೂ ಕೆಡುತ್ತದೆ. ಎರಡು, ಮಾಸ್ಕ್: 255.255.255.0. ತನ್ನ ಓಣಿ ಎಲ್ಲಿತನಕ ಅಂತ ಪೆಟ್ಟಿಗೆಗೆ ತಿಳಿಯುವುದು ಇದರಿಂದ. ಮೊದಲ ಮೂರು ಅಂಕಿ ಒಂದೇ ಆಗಿರುವವರೆಲ್ಲ ಓಣಿಯವರು. ಒಟ್ಟು 256 ನಂಬರು. ಮೊದಲನೆಯದು ಓಣಿಯ ಹೆಸರು, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ, ಮಿಕ್ಕ 254 ಹಂಚಬಹುದು. ಮೂರು, ಗೇಟ್‌ವೇ: 192.168.10.1. ಇದು ಅಗಸೆ ಬಾಗಿಲು. ಹೊರಗಿನವರ ಜೊತೆ ಮಾತಾಡಬೇಕಾದರೆ ಇದನ್ನೇ ದಾಟಬೇಕು, ಇದು ಓಣಿಯ ನಂಬರೇ ಆಗಿರಬೇಕು. ನಾಕು, ಡಿಎನ್‌ಎಸ್: ಹೆಸರು ಹೇಳಿದರೆ ನಂಬರು ಹುಡುಕಿಕೊಡುತ್ತದೆ.

ಡಿಎಚ್‌ಸಿಪಿ ಅಂತ ಇನ್ನೊಂದು ದಾರಿ ಐತೆ. ನಂಬರನ್ನು ತಾನೇ ಹಂಚುತ್ತದೆ. ಈ ಪೆಟ್ಟಿಗೆಯ ವಿಷಯದಲ್ಲಿ ನಾನು ಅದನ್ನು ನೆಚ್ಚುವುದಿಲ್ಲ. ಹಂಚುವವನೇ ಬಿದ್ದ ದಿನ ಪೆಟ್ಟಿಗೆಗೆ ವಿಳಾಸ ಇಲ್ಲದಂತಾಗಬಹುದು. ಅದು ಬೇಕಾಗುವುದೂ ಆ ದಿನವೇ. ಈಥರ್ನೆಟ್ ವೇಗವನ್ನು ಎರಡೂ ಕಡೆ ಆಟೋಗೆ ಬಿಡಬೇಕು. ಒಂದೇ ಕಡೆ ಬಿಗಿದರೆ ದೀಪ ಉರಿಯುತ್ತದೆ, ಮಾತು ಕುಂಟುತ್ತದೆ.

ಒಂದು ದಿನ ಹರಪನಹಳ್ಳಿಯಲ್ಲಿ ಕೂತು ಕೂಡ್ಲಿಗಿ ಕಡೆಯ ಒಂದು ಕಚೇರಿಯ ಪೆಟ್ಟಿಗೆಗೆ ಹೊಸ ಗೇಟ್‌ವೇ ಬರೆದೆ. ಪೆಟ್ಟಿಗೆಗೆ ಬೇರೆಯದೇ ಲೈನು ಇತ್ತು. 192.168.10.1 ಅನ್ನುವಲ್ಲಿ 192.168.1.1 ಒತ್ತಿದೆ. ಒಂದು ಸೊನ್ನೆ ಬಿಟ್ಟುಹೋಗಿತ್ತು. ಪೆಟ್ಟಿಗೆ ತಕರಾರಿಲ್ಲದೆ ಒಪ್ಪಿಕೊಂಡು ಕೈಬಿಟ್ಟುಹೋಯಿತು. ಗಂಟೆಯೊಳಗೆ ಅಲ್ಲಿನ ರೌಟರೂ ನಿಂತಿತು. ಕೂತಲ್ಲೇ ಆಗಬಹುದಿದ್ದ ಕೆಲಸಕ್ಕೆ ಕೊಟ್ಟೂರಿಗೊಂದು ಬಸ್ಸು, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದೆ.

ಕಚೇರಿ ಮುಂದೆ ಮಂದಿ ಸಾಲು ನಿಂತಿದ್ದರು. ಒಬ್ಬ ತಾಯಿ ಮಗಳ ಹಾಸ್ಟೆಲ್ ಅರ್ಜಿಗೆ ಜಾತಿ ಪ್ರಮಾಣಪತ್ರ ಒಯ್ಯಲು ಬಂದಿದ್ದಳು. ಅವತ್ತೇ ಕಡೇ ದಿನ. ಪತ್ರ ತಯಾರಿತ್ತು, ಪ್ರಿಂಟ್ ಬರುತ್ತಿರಲಿಲ್ಲ. ಬಾಗಿಲಲ್ಲಿ ಗುಮಾಸ್ತರೊಬ್ಬರು ತಡೆದು, "ಯಾವ ಪೈಕಿ ನೀನು?" ಅಂದರು. "ನೆಟ್‌ವರ್ಕ್ ಪೈಕಿ ಸಾರ್" ಅಂದು ಒಳಗೆ ಹೋದೆ.

ಬಿಟ್ಟ ಸೊನ್ನೆ ಹಾಕಿದೆ. ಸೇವ್ ಮಾಡಿದೆ. ಮಾಡದಿದ್ದರೆ ಕರೆಂಟು ಹೋಗಿ ಬಂದಾಗ ಮತ್ತೆ ಹಳೇ ಕಥೆ. ಮೊದಲು ಗೇಟ್‌ವೇಗೆ, ಆಮೇಲೆ ದೂರದ ನಂಬರಿಗೆ ಪಿಂಗ್ ಮಾಡಿ ನೋಡಿದೆ. ಕಿಂಡಿಯಿಂದ ರೌಟರಿನೊಳಗೆ ಹೋಗಿ ಅದನ್ನೂ ಎಬ್ಬಿಸಿದೆ. ಸಂಜೆ ಹೊತ್ತಿಗೆ ಲೈನ್ ಬಂತು. ಆ ತಾಯಿಯ ಕೈಗೆ ಪತ್ರ ಬಂತು. ಆದರೆ ಆರೇಳು ಮಂದಿ ಅಷ್ಟರಲ್ಲಿ ಬೇಸತ್ತು ಊರಿಗೆ ಮರಳಿದ್ದರು. ಅವರ ಕೂಲಿ ನನ್ನ ಸೊನ್ನೆಯ ಲೆಕ್ಕಕ್ಕೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಎಷ್ಟೋ ಸಲ ಕೇಳಿದ್ದಳು, "ಅಣ್ಣಾ, ಇದನ್ನ ನನಗೂ ಒಂಚೂರು ತೋರಿಸು." ನಾನು ತೋರಿಸಿರಲಿಲ್ಲ. "ಕಲಿಸಿದರೆ ನಿನ್ನ ಅನ್ನ ಹೋಗ್ತೈತೆ" ಅಂದಿದ್ದ ಗುತ್ತಿಗೆದಾರ. ಹೆದರಿದ್ದೆ. ಅಕ್ಷರ ನಿಮಗಲ್ಲ ಅಂತ ನಮ್ಮನ್ನು ಹೊರಗೆ ನಿಲ್ಲಿಸಿದವರ ಮಾತನ್ನೇ ನಾನೂ ಆಡಿದ್ದೆ. ಅವಳಿಗೆ ಆ ನಾಕು ಸಾಲು ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ.

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ವಿಳಾಸ ಮೂರು ಸಲ ಬದಲಾಯಿತು. ಕೇರಿ ಮಾತ್ರ ಎಲ್ಲಿತ್ತೋ ಅಲ್ಲೇ ಐತೆ. ಯಾರದೋ ಕೈಯಲ್ಲಿ ವಿಳಾಸ ಬರೆಸಿಕೊಳ್ಳುವ ತನಕ ಹೀಗೇ. ಬರೆಯುವುದನ್ನು ನಾವೇ ಕಲಿಯಬೇಕು.

ಈಗ ಆ ನಾಕು ಸಾಲು, ನಂಬರು ಸಮೇತ, ಕನ್ನಡದಲ್ಲಿ ಬರೆದು ಆ ಹುಡುಗಿಗೆ ಕೊಟ್ಟಿದ್ದೇನೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿ ಅಧಿಕಾರಿಗೆ ಒಪ್ಪಿಸಿದ್ದೇನೆ. ಭಾನುವಾರ ಕೇರಿಯ ಹುಡುಗರು ಹುಡುಗಿಯರು ನಮ್ಮ ಮನೆ ಕಟ್ಟೆಗೆ ಬರುತ್ತಾರೆ. ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಸಾಲಿಯಲ್ಲೂ ಇದನ್ನು ಕಲಿಸಿ. ಕೂಡುವುದು, ಕಳೆಯುವುದು ಬಂದರೆ ಶುರುಮಾಡಲು ಸಾಕು.

ಮೊನ್ನೆ ಅವ್ವ ಕಟ್ಟೆಯ ಮೂಲೆಯಲ್ಲಿ ಕೂತು ಕೇಳಿಸಿಕೊಂಡಳು. ಎಲ್ಲರೂ ಎದ್ದು ಹೋದ ಮೇಲೆ ಕೇಳಿದಳು:

"ಆ ಪೆಟ್ಟಿಗೆ ಅಪ್ಪನ ಹೆಸರು ಕೇಳ್ತೈತೇನಪ್ಪಾ?"

"ಇಲ್ಲವ್ವಾ."

"ಹಂಗಾರೆ ಎಲ್ಲಾ ಹುಡುಗ್ರಿಗೂ ಕಲಿಸು" ಅಂದಳು.