ದಾದಿಯ ಮಾರಿಕಣಿವೆ

ಮೆಕ್ಸಿಕೋದ ಗಡಿಯ ಊರೊಂದಕ್ಕೆ 1888ರಲ್ಲಿ ಅಲ್ಲಿನ ನಾಯಕ ಬೆನಿಟೊ ಹ್ವಾರೆಸ್ ಹೆಸರಿಟ್ಟರೆಂದು ಓದಿದಾಗ ನನಗೆ ನಮ್ಮ ಹಿರಿಯೂರು ತಾಲ್ಲೂಕಿನ ಜಲಾಶಯ ನೆನಪಾಯಿತು. ಮಗ ಚಿಕ್ಕವನಿದ್ದಾಗ, 1895ರಿಂದ 1902ರವರೆಗೆ, ಮೈಸೂರು ಆಳಿದ ರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು ವಾಣಿ ವಿಲಾಸ ಸನ್ನಿಧಾನ. ವೇದಾವತಿಗೆ ಕಟ್ಟಿದ ಅಣೆಕಟ್ಟೆಗೂ ಅದೇ ಹೆಸರು.

ನಮ್ಮ ದಾದಿ ಮಾತ್ರ ‘ಮಾರಿಕಣಿವೆ’ ಎನ್ನುತ್ತಾರೆ. “ಅದು ವಾಣಿ ವಿಲಾಸ ಸಾಗರ ದಾದಿ” ಎಂದು ನಾನು ಪ್ರತಿಸಲ ತಿದ್ದುತ್ತಿದ್ದೆ.

2022ರಲ್ಲಿ, 89 ವರ್ಷಗಳ ನಂತರ, ಕೋಡಿ ಬಿತ್ತು. ಧರ್ಮಪುರದಿಂದ ದಾದಿಯನ್ನು ಕರೆದುಕೊಂಡು ಹೋದೆವು. ಹರಿಯುವ ನೀರನ್ನು ಬಹಳ ಹೊತ್ತು ನೋಡಿದ ಅವರು, “ನಮ್ಮ ಅಬ್ಬಾ ಹೇಳುತ್ತಿದ್ದ ಮಾರಿಕಣಿವೆ ಕೋಡಿ ಇದೇನಾ?” ಎಂದು ಕಣ್ಣೊರೆಸಿಕೊಂಡರು.

“ಹೌದು ದಾದಿ, ಇದೇ ಮಾರಿಕಣಿವೆ” ಎಂದೆ. ಪರೀಕ್ಷೆಯಲ್ಲಿ ರಾಣಿಯ ಹೆಸರು ಬರೆಯುತ್ತೇನೆ. ದಾದಿಯನ್ನು ಮತ್ತೆ ತಿದ್ದಿಲ್ಲ.