ಹೆಬಿಕ್ಕರ ಜೊತೆಗಾರ

ಬಾಸೆಲ್ ಮಿಶನ್ನಿನ ಹೆಸರೆತ್ತಿದೊಡನೆ ಸ್ಯಾಮುಯೆಲ್ ಹೆಬಿಕ್ಕರ ನೀಳವಾದ ಗಡ್ಡ ನೆನಪಾಗುತ್ತದೆ. 1834ರ ಅಕ್ಟೋಬರಿನಲ್ಲಿ ಕಡಲು ದಾಟಿ ಮಂಗಳೂರಿಗೆ ಬಂದವರು ಅವರೊಬ್ಬರೇ ಅಲ್ಲ. ಲೇನರ್, ಗ್ರೈನರ್ ಎಂಬಿಬ್ಬರೂ ಜೊತೆಗಿದ್ದರು. ಜಾತ್ರೆಯ ಜನಜಂಗುಳಿಯಲ್ಲಿ ನಿಂತು ಗುಡುಗುವುದು ಹೆಬಿಕ್ಕರ ಸ್ವಭಾವ. ಊರೂರು ಸುತ್ತಿದ ಅವರು 1841ರಲ್ಲಿ ಕಣ್ಣನೂರಿಗೆ ಹೊರಟುಹೋದರು. ಗ್ರೈನರರಾದರೋ ತುಳುವರ ನಡುವೆಯೇ ನಿಂತು ಅವರ ನುಡಿಯನ್ನು ಕಲಿತರು. ತಾಳೆಗರಿಯಲ್ಲಿ ಹಳೆಯ ಕಾವ್ಯಗಳಿದ್ದರೂ, ಪಾಡ್ದನಗಳು ಗದ್ದೆಗದ್ದೆಯಲ್ಲಿ ಮೊಳಗುತ್ತಿದ್ದರೂ, ಆ ನುಡಿ ಅಚ್ಚಿನ ಮುಖ ಕಂಡಿರಲಿಲ್ಲ. ಗ್ರೈನರರು ತುಳುವಿಗೆ ತಂದ ಮತ್ತಾಯನ ಸುವಾರ್ತೆ 1842ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಕನ್ನಡ ಲಿಪಿಯಲ್ಲಿ ಹೊರಬಿತ್ತು. ಬಂದುದು ಮತಬೋಧನೆಗೆ, ನಿಜ. ತುಳುವಿಗೆ ಮಾತ್ರ ಮೊದಲ ಅಚ್ಚಿನ ಪುಸ್ತಕ ಲಭಿಸಿತು. ಅಮ್ಮನ್ನರ ದುಡಿಮೆಯಿಂದ 1847ರ ವೇಳೆಗೆ ಹೊಸ ಒಡಂಬಡಿಕೆಯೆಲ್ಲವೂ ಅದರ ಬೆನ್ನಿಗೇ ಬಂದಿತು.